ವಿಮಾನದ ಚಾಲಕಕೋಣೆಯಲ್ಲಿ ಮಾತಿನ ಪಾಡು

೨೦೧೦ನೆಯ ಇಸವಿಯ ಮೇ ೨೨ನೆಯ ದಿನವನ್ನು ಮಂಗಳೂರಿನ ಜನ ಮರೆತಿಲ್ಲ. ಅಂದು ಬೆಳಗ್ಗೆ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ ೭೩೭-೮೦೦ ವಿಮಾನವು ಬಜಪೆಯ ಗುಡ್ಡದ ನೆತ್ತಿಯ ಮೇಲಿನ ರನ್‌ವೇಯಲ್ಲಿ ನಿಲ್ಲಲಾರದೆ, ಅದರ ತುದಿಯನ್ನು ದಾಟಿ ಕಮರಿಗೆ ಬಿದ್ದಿತು. ಅದರಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು; ಎಂಟು ಮಂದಿ ಮಾತ್ರ ಉಳಿದರು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ನಡೆದ ವಿಚಾರಣೆಯು ಕಂಡುಕೊಂಡ ಸಂಗತಿ ಹೀಗಿದೆ: ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿದ್ದರೂ ಕಪ್ತಾನರು ಇಳಿಯುವ ಪ್ರಯತ್ನವನ್ನು ಕೈಬಿಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸಹಚಾಲಕರು 'ಗೋ ಅರೌಂಡ್', ಎಂದರೆ ಇಳಿಯದೆ ಮತ್ತೆ ಮೇಲೇರಿ ಸುತ್ತಿ ಬರೋಣ, ಎಂದು ಮೂರು ಬಾರಿ ಹೇಳಿದ್ದರು. ನೆಲದ ಸಾಮೀಪ್ಯವನ್ನು ಅಳೆಯುವ ಯಂತ್ರವೂ ಹಲವು ಸಲ ಕೂಗಿ ಎಚ್ಚರಿಸಿತ್ತು.

ಈ ವಿವರವನ್ನು ಓದಿದ ವಿದ್ಯಾರ್ಥಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಒಂದು ಮೊಳದ ಅಂತರದಲ್ಲಿ ಕುಳಿತವನು ಮೂರು ಬಾರಿ ಆಡಿದ ಮಾತು ಇನ್ನೊಬ್ಬನಿಗೆ ಕೇಳಿಸಲಿಲ್ಲವೇ? ಪ್ರಶ್ನೆಯು ಸಹಜವಾದುದೇ. ಇದಕ್ಕೆ ಉತ್ತರ ಹುಡುಕಬೇಕಾದರೆ ಚಾಲಕಕೋಣೆಯಲ್ಲಿ ಮಾತು ಯಾವ ದಾರಿಯಿಂದ ಸಾಗುತ್ತದೆ, ಆ ದಾರಿಯಲ್ಲಿ ಅದು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಅಷ್ಟು ಹತ್ತಿರವಿರುವ ಇಬ್ಬರಿಗೆ ಮೈಕೂ ಇಂಟರ್‌ಕಾಮೂ ಏಕೆ ಬೇಕು ಎಂದು ಕೇಳಬಹುದು. ಜೆಟ್ ವಿಮಾನದ ಎಂಜಿನುಗಳು ಬಹಳ ಹಿಂದಿರುತ್ತವೆಯಾದರೂ, ವಿಮಾನದ ಮೂತಿಯನ್ನು ಸವರಿಕೊಂಡು ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹಿಂದೆ ಸರಿಯುವ ಗಾಳಿಯೇ ಚಾಲಕಕೋಣೆಯಲ್ಲಿ ಎಡೆಬಿಡದ ಮೊರೆತವನ್ನು ಎಬ್ಬಿಸುತ್ತದೆ. ಅದರ ಮಟ್ಟ ಸುಮಾರು ೮೦ ಡೆಸಿಬೆಲ್ ಮುಟ್ಟುವುದುಂಟು. ಸಾಧಾರಣ ಸಂಭಾಷಣೆಯ ಮಟ್ಟ ೬೦ ಡೆಸಿಬೆಲ್. ಇಂಥ ಸ್ಥಿತಿಯಲ್ಲಿ ನಮ್ಮೂರ ಸಿಟಿ ಬಸ್ಸಿನ ಕಂಡಕ್ಟರು ಮಾತನ್ನೇ ಬಿಟ್ಟು ಸೀಟಿಗೆ ಶರಣುಹೋಗಿದ್ದಾನೆ. ಸೀಟಿಯ ಏರುದನಿ ಎಂಜಿನಿನ ಗುಡುಗನ್ನು ಸೀಳಿಕೊಂಡು ಡ್ರೈವರನಿಗೆ ಮುಟ್ಟುತ್ತದೆ. ನಿಲ್ಲು, ಹೊರಡು ಎಂಬೆರಡೇ ಅರ್ಥಗಳಿಗೆ ಅದು ಸಾಕು. ವಿಮಾನ ಚಾಲಕನಿಗಾದರೋ ಎತ್ತರ, ದಿಕ್ಕು, ವೇಗ, ರೇಡಿಯೋ ಆವೃತ್ತಿ ಇವೆಲ್ಲವನ್ನೂ ಅಂಕೆಗಳಲ್ಲಿ ಹೇಳಬೇಕಾಗಿದೆ. ಸೀಟಿಯಿಂದ ಅವನ ಕೆಲಸ ನಡೆಯದು.

ಅವನ ಹೆಡ್‌ಸೆಟ್ಟಿನ ಮೈಕು ತುಟಿಗೆ ತಾಗುವಂತೆ ಒಂದು ಕಡ್ಡಿಯ ತುದಿಯಲ್ಲಿರುತ್ತದೆ. ಗದ್ದಲವನ್ನು ಕಳೆಯುವ ಮೈಕೆಂದು ಅದಕ್ಕೆ ಹೆಸರು. ಅದು ಕೆಲಸ ಮಾಡುವ ಬಗೆಯನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಇಂಥ ಮೈಕಿಗೆ ಮುಂದೊಂದು, ಹಿಂದೊಂದು ಬಾಯಿ. ನಡುವೆ ತೆಳ್ಳನೆಯ ಪೊರೆ. ಎರಡು ಬಾಯಿಗಳಿಂದ ಬರುವ ಒತ್ತಡಗಳ ವ್ಯತ್ಯಾಸಕ್ಕೆ ಮಾತ್ರ ಪೊರೆಯು ಓಗೊಡುತ್ತದೆ. ಎರಡು ಬಾಯಿಗಳ ನಡುವಣ ದೂರ ೧ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಶಬ್ದದ ಒತ್ತಡವು ಮೂಲದಿಂದ ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ತುಟಿಯಿಂದ ಮುಂದಣ ಬಾಯಿಗೆ ೧ ಸೆಂಟಿಮೀಟರ್, ಹಿಂದಣ ಬಾಯಿಗೆ ೨ ಸೆಂಟಿಮೀಟರ್ ಇದ್ದರೆ, ಮುಂದಿನ ಒತ್ತಡ ೧, ಹಿಂದಿನದು ಅರ್ಧ; ವ್ಯತ್ಯಾಸ ಅರ್ಧ. ಮಾತಿನ ಅರ್ಧ ಬಲವು ಉಳಿಯಿತು. ದೂರದಿಂದ ಬರುವ ಗಾಳಿಯ ಮೊರೆತವಾದರೋ ಎರಡು ಬಾಯಿಗಳನ್ನೂ ಹೆಚ್ಚುಕಡಿಮೆ ಸಮಬಲದಿಂದ ಮುಟ್ಟುತ್ತದೆ. ಅಲೆಯು ಒಂದು ಬಾಯಿಯಿಂದ ಇನ್ನೊಂದಕ್ಕೆ ಸಾಗುವಷ್ಟರಲ್ಲಿ ಆಗುವ ಅಲ್ಪ ವ್ಯತ್ಯಾಸವೊಂದೇ ಅದರಲ್ಲಿ ಉಳಿಯುವುದು. ೩೦೦ ಹರ್ಟ್ಸ್ ಆವೃತ್ತಿಯ ಶಬ್ದದ ಅಲೆಯುದ್ದ ಸುಮಾರು ೧೧೩ ಸೆಂಟಿಮೀಟರ್. ಅದರ ಮುಂದೆ ೧ ಸೆಂಟಿಮೀಟರ್ ಏನೇನೂ ಅಲ್ಲ. ಆದುದರಿಂದ ಗದ್ದಲದ ಹದಿನೆಂಟರಲ್ಲೊಂದು ಪಾಲು ಮಾತ್ರ ಒಳಗೆ ನುಸುಳುತ್ತದೆ.

ಇಲ್ಲಿಯವರೆಗೆ ಎಲ್ಲವೂ ಲಾಭವೇ. ಆದರೆ ೩,೦೦೦ ಹರ್ಟ್ಸ್ ಆವೃತ್ತಿಯಲ್ಲಿ ಅಲೆಯುದ್ದವು ೧೧ ಸೆಂಟಿಮೀಟರಿಗೆ ಇಳಿಯುತ್ತದೆ. ಆಗ ಅದೇ ೧ ಸೆಂಟಿಮೀಟರ್ ಅಂತರವು ದೊಡ್ಡದಾಗಿ, ಗದ್ದಲದ ಅರ್ಧಕ್ಕಿಂತಲೂ ಹೆಚ್ಚು ಪಾಲು ಒಳಕ್ಕೆ ಬರುತ್ತದೆ. ಮೈಕಿನ ಜಾಣ್ಮೆ ಬಹುಮಟ್ಟಿಗೆ ವ್ಯರ್ಥವಾಗುತ್ತದೆ. ಇನ್ನೊಂದು ತೊಡಕನ್ನೂ ನೋಡಿ. ಚಾಲಕನು ಚಹಾ ಕುಡಿಯಲೆಂದು ಮೈಕಿನ ಕಡ್ಡಿಯನ್ನು ಸರಿಸಿ, ಮತ್ತೆ ಸರಿಯಾಗಿ ಇಡದೆ, ಅದು ತುಟಿಯಿಂದ ೫ ಸೆಂಟಿಮೀಟರ್ ದೂರದಲ್ಲಿ ಉಳಿಯಿತೆನ್ನಿ. ಈಗ ವ್ಯತ್ಯಾಸವು ಐದರಲ್ಲೊಂದರಿಂದ ಆರರಲ್ಲೊಂದನ್ನು ಕಳೆದರೆ ಬರುವ ಮೂವತ್ತರಲ್ಲೊಂದು ಪಾಲು. ಮೊದಲಿನ ಅರ್ಧಕ್ಕೆ ಹೋಲಿಸಿದರೆ ಮಾತಿನ ಬಲವು ಹದಿನೈದರಲ್ಲೊಂದು ಪಾಲಿಗೆ ಕುಸಿಯಿತು! ಸಾಧಾರಣ ಮೈಕಾಗಿದ್ದರೆ ಐದರಲ್ಲೊಂದಕ್ಕೆ ಮಾತ್ರ ಇಳಿಯುತ್ತಿತ್ತು. ಗದ್ದಲವನ್ನು ಕಳೆಯುವ ಗುಣವೇ ದೂರದ ಮಾತನ್ನೂ ಕಳೆಯುತ್ತದೆ. ತಯಾರಕನ ಅಜಾಗರೂಕತೆಯಿಂದ ಬಂದ ದೋಷವಲ್ಲ ಇದು. ಆ ಗುಣವನ್ನು ಕೊಂಡುದಕ್ಕೆ ತೆತ್ತ ಬೆಲೆ. ಚಾಲಕಕೋಣೆಯ ಧ್ವನಿವ್ಯವಸ್ಥೆಯ ಮಿತಿಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಮೈಕಿನಿಂದ ಹೊರಟ ಮಾತು ಮುಂದೆ ಒಂದು ಜರಡಿಯನ್ನು ಹಾಯಬೇಕು. ಸುಮಾರು ೩೦೦ ಹರ್ಟ್ಸಿನಿಂದ ೩,೦೦೦ ಹರ್ಟ್ಸಿನ ವರೆಗಿನ ಆವೃತ್ತಿಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಅದು ಕತ್ತರಿಸುತ್ತದೆ. ತಗ್ಗಿನ ಭಾಗದಲ್ಲಿ ಗದ್ದಲವೇ ಹೆಚ್ಚು. ಮೇಲಿನ ಭಾಗವನ್ನು ಬಿಟ್ಟರೆ ರೇಡಿಯೋದಲ್ಲಿ ಹೆಚ್ಚು ಮಂದಿಗೆ ಜಾಗ ಸಿಗುತ್ತದೆ. ಪುರುಷನ ಕಂಠದ ಮೂಲಸ್ವರವು ೧೦೦ರಿಂದ ೧೫೦ ಹರ್ಟ್ಸ್ ಆಸುಪಾಸಿನದಾದುದರಿಂದ ಅದು ಈ ಜರಡಿಯಲ್ಲಿ ಪೂರ್ತಿ ಕಳೆದುಹೋಗುತ್ತದೆ. ಆದರೂ ಆಡಿದವನು ಗಂಡಸೆಂದೇ ನಮಗೆ ಕೇಳಿಸುತ್ತದೆ! ಅದರ ಮೇಲಣ ಸ್ವರಗಳ ನಡುವಿನ ಅಂತರವನ್ನು ಅಳೆದು, ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ಹಳೆಯ ಟೆಲಿಫೋನಿನಲ್ಲಿ ನಡೆಯುತ್ತಿದ್ದ ಚಮತ್ಕಾರವೂ ಇದೇ.

ಮೇಲಿನ ತುದಿಯಲ್ಲಿ ಕಳೆದುಹೋದುದನ್ನು ಮಾತ್ರ ಮಿದುಳು ಅಷ್ಟು ಸುಲಭವಾಗಿ ಕಟ್ಟಿಕೊಳ್ಳಲಾರದು. ಕಾಲು, ಸಾಲು, ಹಾಲು, ಪಾಲು ಎಂಬ ನಾಲ್ಕು ಪದಗಳನ್ನು ತೆಗೆದುಕೊಳ್ಳಿ. ಇವುಗಳಲ್ಲಿ ಸ್ವರಭಾಗವೆಲ್ಲ ಒಂದೇ; ಮೊದಲ ವ್ಯಂಜನವೊಂದೇ ಬೇರೆ. ಸ್ವರಗಳಲ್ಲಿ ಬಲವಿದೆ, ಅವು ಜರಡಿಯ ಒಳಗೇ ಇವೆ. ವ್ಯಂಜನಗಳಾದರೋ ಕ್ಷಣಿಕ, ದುರ್ಬಲ. 'ಸ'ಕಾರದ ಸುಯ್ಯೆನ್ನುವ ಶಬ್ದದ ಬಹುಪಾಲು ೪,೦೦೦ ಹರ್ಟ್ಸಿಗಿಂತ ಮೇಲಿರುತ್ತದೆ. ಅರ್ಥವನ್ನು ಹೊತ್ತದ್ದು ವ್ಯಂಜನ, ಬಲವನ್ನು ಹೊತ್ತದ್ದು ಸ್ವರ! ಚೆಂಡೆಯ ಅಬ್ಬರದ ನಡುವೆ ಭಾಗವತರ ಏರುದನಿ ಬಯಲಿನ ತುದಿಯವರೆಗೆ ಕೇಳಿದರೂ, ಪದ್ಯವನ್ನು ಮೊದಲೇ ತಿಳಿಯದವನಿಗೆ ಸಾಹಿತ್ಯವು ಹಿಡಿತಕ್ಕೆ ಸಿಕ್ಕದಿರುವುದು ಇದೇ ಕಾರಣದಿಂದ. ಪದ್ಯವನ್ನು ಬಲ್ಲವನು ಪ್ರತಿಯೊಂದು ಅಕ್ಷರವನ್ನೂ 'ಕೇಳುತ್ತಾನೆ'. ಅದರಲ್ಲಿ ಅರ್ಧವನ್ನು ಅವನ ನೆನಪೇ ಒದಗಿಸಿರುತ್ತದೆ.

ವಿಮಾನಯಾನದಲ್ಲಿ ಇಂಗ್ಲಿಷಿನ ಅಂಕೆಗಳಿಗೆ ವಿಚಿತ್ರ ಉಚ್ಚಾರಣೆಯನ್ನು ಕಲಿಸುವುದೂ ಈ ಕಾರಣದಿಂದಲೇ. ಒಂಬತ್ತಕ್ಕೆ 'ನೈನರ್', ಐದಕ್ಕೆ 'ಫೈಫ್', ಮೂರಕ್ಕೆ 'ಟ್ರೀ'. ನೈನ್, ಫೈವ್ ಎಂಬೆರಡರಲ್ಲಿಯೂ ನಡುವಣ ಸ್ವರ ಒಂದೇ ಆದುದರಿಂದ, ಅಂಚಿನ ವ್ಯಂಜನಗಳು ಮಾಸಿದರೆ ಒಂದು ಇನ್ನೊಂದಾಗಿ ಕೇಳಿಸುತ್ತದೆ. ಕೇಳಿದವನು ಕೇಳಿದುದನ್ನು ಮರಳಿ ಹೇಳಿ ಒಪ್ಪಿಸಬೇಕೆಂಬ ಕಟ್ಟಳೆಯೂ ಇದೆ. ಆದರೆ ತಾನು ನಿರೀಕ್ಷಿಸಿದ್ದನ್ನೇ ಕೇಳುವ ಚಾಳಿ, ಪದ್ಯವನ್ನು ಬಲ್ಲ ಪ್ರೇಕ್ಷಕನಿಗೆ ಇರುವಂತೆ, ಮರಳಿ ಒಪ್ಪಿಸುವುದನ್ನು ಆಲಿಸುವ ನಿಯಂತ್ರಕನಿಗೂ ಇರುತ್ತದೆ.

ಸಣ್ಣ ವಿಮಾನಗಳ ಇಂಟರ್‌ಕಾಮಿನಲ್ಲಿ ಇನ್ನೊಂದು ಏರ್ಪಾಡು ಉಂಟು. ಮಾತಾಡಿದಾಗ ಮಾತ್ರ ತೆರೆದುಕೊಂಡು, ಸುಮ್ಮನಿದ್ದಾಗ ಮುಚ್ಚಿಕೊಳ್ಳುವ ಧ್ವನಿಯ ಬಾಗಿಲು. ಬಾಗಿಲು ತೆರೆಯಲು ಕ್ಷಣಾರ್ಧ ಬೇಕು. ಅಷ್ಟರಲ್ಲಿ ಮೊದಲ ಅಕ್ಷರ ಹೊರಗುಳಿಯುತ್ತದೆ. ಇಂಗ್ಲಿಷಿನಲ್ಲಿ 'ಬೇಡ' ಎಂಬರ್ಥದ ಪದ ವಾಕ್ಯದ ಆರಂಭದಲ್ಲೇ ಬರುವುದರಿಂದ, ಅದೊಂದು ಕಳೆದರೆ ಅರ್ಥವೇ ತಲೆಕೆಳಗು. ನಮ್ಮ ಭಾಷೆಯಲ್ಲಿ 'ಇಳಿಸಬೇಡ' ಎಂದು ನಿಷೇಧವು ಕೊನೆಗೆ ಬರುತ್ತದೆಯಾಗಿ ಈ ಬಾಧೆ ಕಡಿಮೆ ಎನ್ನಬಹುದೇನೋ! ದೊಡ್ಡ ವಿಮಾನಗಳಲ್ಲಿ ತೊಂದರೆಯ ರೂಪವೇ ಬೇರೆ. ಎರಡು ಮೂರು ರೇಡಿಯೋಗಳು, ಸಂಗಡಿಗನ ಮಾತು, ಪ್ರಯಾಣಿಕರ ಕೋಣೆಯಿಂದ ಬರುವ ಕರೆ, ದಾರಿತೋರುವ ಕೇಂದ್ರಗಳ ಗುರುತಿನ ಟಕಟಕ ಇವೆಲ್ಲವನ್ನೂ ಕೂಡಿಸಿ ಒಂದೇ ಕಿವಿಗೆ ಸುರಿಯಲಾಗುತ್ತದೆ. ಯಾವುದನ್ನು ಎಷ್ಟು ಕೇಳಬೇಕೆಂದು ಚಾಲಕನು ಗುಂಡಿಗಳನ್ನು ತಿರುಗಿಸಿ ಆರಿಸಿಕೊಳ್ಳಬಲ್ಲ. ಆದರೆ ಒಂದು ಧ್ವನಿ ಇನ್ನೊಂದನ್ನು ಮುಚ್ಚುವುದನ್ನು ಯಾವ ಗುಂಡಿಯೂ ತಪ್ಪಿಸದು. ಆಮ್ಲಜನಕದ ಮುಖವಾಡವನ್ನು ಹಾಕಿಕೊಂಡಾಗಲಂತೂ ಒಬ್ಬನ ಉಸಿರಾಟದ ಬುಸುಗುಟ್ಟುವಿಕೆಯೇ ಇನ್ನೊಬ್ಬನ ಕಿವಿಯನ್ನು ತುಂಬುತ್ತದೆ.

ವಿಮಾನದ ಹೊರಗೆ ಹೋಗುವ ಮಾತಿನ ಪಾಡು ಇನ್ನೂ ಕಠಿಣ. ವಿಮಾನಗಳ ರೇಡಿಯೋ ಮಾತು ೧೧೮ರಿಂದ ೧೩೭ ಮೆಗಾಹರ್ಟ್ಸ್ ಆವೃತ್ತಿಗಳಲ್ಲಿ ನಡೆಯುತ್ತದೆ. ಅಲೆಯ ಪಾರವನ್ನು ಮಾತಿಗೆ ತಕ್ಕಂತೆ ಏರಿಳಿಸುವ ಹಳೆಯ ಪದ್ಧತಿಯೇ ಇಲ್ಲಿ ಇಂದಿಗೂ ಉಳಿದಿದೆ. ಸಂಗೀತಕ್ಕೆ ಹಿತವಾದ ಎಫ್. ಎಮ್. ಪದ್ಧತಿಯನ್ನು ಏಕೆ ತರಲಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಎಫ್. ಎಮ್. ಗ್ರಾಹಕದಲ್ಲಿ ಎರಡು ಕೇಂದ್ರಗಳು ಒಂದೇ ಆವೃತ್ತಿಯಲ್ಲಿ ಏಕಕಾಲಕ್ಕೆ ಬಂದರೆ ಬಲವುಳ್ಳದ್ದು ದುರ್ಬಲವಾದುದನ್ನು ನುಂಗಿಬಿಡುತ್ತದೆ. ಇನ್ನೊಬ್ಬನು ಮಾತಾಡಿದನೆಂಬ ಸುಳಿವೇ ಉಳಿಯದು. ಹಳೆಯ ಪದ್ಧತಿಯಲ್ಲಿಯಾದರೋ ಎರಡು ಅಲೆಗಳು ಬೆರೆತು ಸಿಳ್ಳಿನಂತೆ ಕಿರುಚುತ್ತವೆ. ಇಬ್ಬರೂ ೧೨೦ ಮೆಗಾಹರ್ಟ್ಸ್ ಎಂದೇ ಕಳುಹಿಸಿದರೂ, ಅವರ ಯಂತ್ರಗಳ ನಡುವೆ ಹತ್ತು ಲಕ್ಷದಲ್ಲಿ ಐದು ಪಾಲಿನಷ್ಟು ವ್ಯತ್ಯಾಸವಿದ್ದರೆ ಅದು ೬೦೦ ಹರ್ಟ್ಸ್ ಆಗುತ್ತದೆ. ಕಿವಿಗೆ ಬೀಳುವ ಕಿರುಚು ಅದೇ. ಮಾತು ಹಾಳಾದರೂ, ಹಾಳಾಯಿತೆಂಬುದಾದರೂ ತಿಳಿಯುತ್ತದೆ.

ಹಾಗೆ ತಿಳಿಯುವುದು ಮೂರನೆಯವನಿಗೆ ಮಾತ್ರ ಎಂಬುದನ್ನು ಗಮನಿಸಬೇಕು. ಗುಂಡಿಯೊತ್ತಿ ಮಾತಾಡುತ್ತಿರುವವನ ಗ್ರಾಹಕವು ಆ ಹೊತ್ತಿಗೆ ಕಿವುಡಾಗಿರುತ್ತದೆ. ತನ್ನ ಮಾತಿನ ಮೇಲೆ ಇನ್ನೊಬ್ಬನ ಮಾತು ಬಿದ್ದುದು ಅವನಿಗೆ ತಿಳಿಯುವಂತಿಲ್ಲ. ೧೯೭೭ರ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಒಂದು ಜಂಬೋ ಜೆಟ್ಟು ರನ್‌ವೇಯ ಮೇಲೆಯೇ ಇದ್ದಾಗ ಇನ್ನೊಂದು ಹೊರಡಲು ಓಟಕಿತ್ತಿತು. ಓಡತೊಡಗಿದ ವಿಮಾನಕ್ಕೆ ಗೋಪುರದ ನಿಯಂತ್ರಕರು ಕಾಯಲು ಹೇಳಿದರು. ಅದೇ ಕ್ಷಣದಲ್ಲಿ ರನ್‌ವೇಯ ಮೇಲಿದ್ದ ವಿಮಾನವೂ ತಾನಿನ್ನೂ ಅಲ್ಲಿಯೇ ಇರುವೆನೆಂದು ಸಾರಿತು. ಎರಡು ಮಾತುಗಳೂ ಒಂದರ ಮೇಲೊಂದು ಬಿದ್ದು, ಓಡುತ್ತಿದ್ದ ವಿಮಾನದ ಚಾಲಕಕೋಣೆಯಲ್ಲಿ ಗೋಪುರದವರ 'ಓಕೆ' ಎಂಬ ಮೊದಲ ಪದದ ಬಳಿಕ ಕೆಲವು ಸೆಕೆಂಡುಗಳ ಕಿರುಚು ಮಾತ್ರ ಕೇಳಿಸಿತು. ೫೮೩ ಮಂದಿ ಸತ್ತರು. ಅಂದಿನಿಂದ 'ಟೇಕಾಫ್' ಎಂಬ ಪದವನ್ನು ನಿಜವಾಗಿ ಹೊರಡಲು ಅಪ್ಪಣೆ ಕೊಡುವಾಗಲಲ್ಲದೆ ಬೇರೆಲ್ಲಿಯೂ ಬಳಸಬಾರದೆಂಬ ಶಿಸ್ತು ಬಂದಿದೆ.

ರೇಡಿಯೋ ಮಾತಿಗೆ ದೂರದ ಮಿತಿಯೂ ಉಂಟು. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ದಿಗಂತದಾಚೆಗೆ ಮುಟ್ಟುವುದಿಲ್ಲ. ವಿಮಾನದ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ೪.೧೨ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಈ ದೂರ ಸಿಗುತ್ತದೆ. ೧೦,೦೦೦ ಮೀಟರ್ ಎತ್ತರದಲ್ಲಿರುವ ವಿಮಾನಕ್ಕೆ ಅದು ೪೧೨ ಕಿಲೋಮೀಟರ್. ದುಬೈಯಿಂದ ಮಂಗಳೂರಿಗೆ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಅದರ ಬಹುಪಾಲು ಅರಬ್ಬಿ ಸಮುದ್ರದ ಮೇಲೆ. ನಡುಗಡಲಿನಲ್ಲಿ ಅಯಾನುಗೋಳದಿಂದ ಪುಟಿದು ಬರುವ ಹ್ರಸ್ವ ತರಂಗಗಳನ್ನೇ ಬಹುಕಾಲ ನಂಬಬೇಕಾಗಿತ್ತು. ಅವುಗಳಲ್ಲಿ ಏರಿಳಿತ, ಸಿಡಿಲಿನ ಚಟಪಟ, ನಿರಂತರ ಸುಯ್ಲು. ಇದನ್ನು ಗಂಟೆಗಟ್ಟಲೆ ಆಲಿಸುವುದು ಯಾರಿಂದಲೂ ಆಗದು. ಆದುದರಿಂದ ನೆಲದ ಕೇಂದ್ರವು ತನಗೆ ಬೇಕಾದ ವಿಮಾನಕ್ಕೆ ಮಾತ್ರ ಗುರುತಿನ ನಾದಗಳನ್ನು ಕಳುಹಿಸಿ ಗಂಟೆ ಬಾರಿಸುವ ಏರ್ಪಾಡಿದೆ. ಈಗ ಉಪಗ್ರಹಗಳ ಮೂಲಕ ಬರಹದ ಸಂದೇಶಗಳೂ ಸೇರಿಕೊಂಡಿವೆ.

ಈಗ ಬಜಪೆಗೆ ಹಿಂತಿರುಗೋಣ. ಅಲ್ಲಿನ ರೇಡಾರು ೨೦೧೦ರ ಮೇ ೨೦ರಿಂದ ಕೆಟ್ಟು ನಿಂತಿತ್ತು. ರೇಡಾರಿಲ್ಲದ ನಿಯಂತ್ರಕನಿಗೆ ವಿಮಾನವು ಎಲ್ಲಿದೆ ಎಂಬುದಕ್ಕೆ ಚಾಲಕನ ಮಾತೇ ಆಧಾರ. ಹೀಗಾಗಿ ಆ ಬೆಳಗ್ಗೆ ವಿಮಾನಕ್ಕೆ ಕೆಳಗಿಳಿಯುವ ಅನುಮತಿಯೂ ಎಂದಿಗಿಂತ ಸಮೀಪಕ್ಕೆ ಬಂದ ಮೇಲೆ ದೊರೆಯಿತು. ರನ್‌ವೇಯತ್ತ ಇಳಿಜಾರಿನಲ್ಲಿ ಕರೆತರುವ ರೇಡಿಯೋ ಕಿರಣದ ಮೇಲೆ ವಿಮಾನವು ನೆಲೆಗೊಂಡಿದೆಯೇ ಎಂದು ಗೋಪುರವು ಕೇಳಿತು. ವಿಮಾನವು ಸರಿಯಾದ ಇಳಿಜಾರಿಗಿಂತ ಬಹಳ ಮೇಲಿತ್ತು. ಆದರೂ 'ಅಫರ್ಮೇಟಿವ್', ಎಂದರೆ ಹೌದು, ಎಂದು ಉತ್ತರಿಸುವಂತೆ ಕಪ್ತಾನರು ಸಹಚಾಲಕರನ್ನು ಒತ್ತಾಯಿಸಿದರು. ಉತ್ತರವು ಹಾಗೆಯೇ ಹೋಯಿತು. ಇಲ್ಲಿ ಮೈಕು ಕೆಡಲಿಲ್ಲ, ಅಲೆಗಳು ಬೆರೆಯಲಿಲ್ಲ, ವ್ಯಂಜನ ಮಾಸಲಿಲ್ಲ. ಧ್ವನಿವ್ಯವಸ್ಥೆಯು ತಪ್ಪಾದ ಪದವೊಂದನ್ನು ಸ್ಪಷ್ಟವಾಗಿ ತಲುಪಿಸಿತು.

'ಗೋ ಅರೌಂಡ್' ಎಂಬ ಮಾತಿನ ಕತೆಯೂ ಇಂಥದೇ. ಅಪಘಾತದ ನೇರ ಕಾರಣವನ್ನು ಹೇಳುವಾಗ ವಿಚಾರಣೆಯು ಧ್ವನಿವ್ಯವಸ್ಥೆಯ ಮೇಲೆ ದೋಷ ಹೊರಿಸಲಿಲ್ಲ. ಮಾತು ಹೋಗಿ ಮುಟ್ಟಬೇಕಾಗಿದ್ದ ಮನಸ್ಸು ಸುದೀರ್ಘ ನಿದ್ರೆಯಿಂದ ಆಗತಾನೆ ಎದ್ದಿತ್ತು. ಎಚ್ಚರವಾದ ಮೇಲೂ ಕೆಲವು ಹೊತ್ತು ನಿರ್ಣಯಶಕ್ತಿ ಮಂಕಾಗಿರುತ್ತದೆ. ಇದಕ್ಕೆ ನಿದ್ರೆಯ ಜಡತೆ ಎಂದು ಹೆಸರು. ಭೌತವಿಜ್ಞಾನದ ಜಡತೆಯಿಂದ ಎರವಲು ತಂದ ಹೆಸರಾದರೂ ಒಪ್ಪುವಂಥದು: ಹಿಡಿದ ದಾರಿಯಲ್ಲೇ ಮುಂದುವರಿಯುವ ಸ್ವಭಾವ. ಸುಮಾರು ೨,೪೫೦ ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು ೧,೬೦೦ ಮೀಟರ್ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು.

ನಿದ್ರೆಯ ಸಂಗತಿ ತಿಳಿದುದಾದರೂ ಹೇಗೆ? ವಿಮಾನದ ಧ್ವನಿಮುದ್ರಕದಿಂದ. ಕಪ್ತಾನ, ಸಹಚಾಲಕ, ಮೂರನೆಯ ಆಸನ ಇವುಗಳ ಮೈಕುಗಳಲ್ಲದೆ ಕೋಣೆಯ ಒಟ್ಟು ಸದ್ದನ್ನು ಹಿಡಿಯುವ ಇನ್ನೊಂದು ಮೈಕೂ ಈ ಯಂತ್ರಕ್ಕೆ ಸೇರಿರುತ್ತದೆ. ಯಾರೂ ಮಾತೆಂದು ಲೆಕ್ಕಿಸದ ಸದ್ದುಗಳೂ, ಗುಂಡಿಯ ಟಕ್ಕೆನ್ನುವಿಕೆ, ಎಂಜಿನಿನ ಶ್ರುತಿ, ಕೆಮ್ಮು, ಉಸಿರು, ಹೀಗೆ ಅದರಲ್ಲಿ ಉಳಿಯುತ್ತವೆ. ಆ ವಿಮಾನದ ಮುದ್ರಕದಲ್ಲಿ ಕೊನೆಯ ೨ ಗಂಟೆ ೫ ನಿಮಿಷಗಳ ಧ್ವನಿಯಿತ್ತು. ಅದರಲ್ಲಿ ಮೊದಲ ೧ ಗಂಟೆ ೪೦ ನಿಮಿಷ ಚಾಲಕರಿಬ್ಬರ ನಡುವೆ ಸಂಭಾಷಣೆಯೇ ಇಲ್ಲ. ಕಪ್ತಾನರ ಗೊರಕೆ ಮತ್ತು ದೀರ್ಘ ಉಸಿರಾಟ ಆಗಾಗ ಕೇಳಿಬರುತ್ತದೆ. ರೇಡಿಯೋದಲ್ಲಿ ಉತ್ತರಿಸುತ್ತಿದ್ದವರು ಸಹಚಾಲಕರೊಬ್ಬರೇ.

ಇಲ್ಲೊಂದು ಲೆಕ್ಕವನ್ನು ಮಾಡಿ ನೋಡಿರಿ. ಧ್ವನಿಮುದ್ರಕವು ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತ ಸುತ್ತುವ ಯಂತ್ರ. ಹಿಂದೆ ಬಳಕೆಯಲ್ಲಿದ್ದ ಟೇಪಿನ ಮುದ್ರಕಗಳಲ್ಲಿ ಕೊನೆಯ ೩೦ ನಿಮಿಷ ಮಾತ್ರ ಉಳಿಯುತ್ತಿತ್ತು. ಈ ವಿಮಾನದಲ್ಲಿ ಅಂಥದೇ ಇದ್ದಿದ್ದರೆ, ನಿದ್ರೆಯ ೧೦೦ ನಿಮಿಷಗಳಲ್ಲಿ ಸುಮಾರು ಐದು ನಿಮಿಷವಷ್ಟೇ ತನಿಖೆಗಾರರ ಕಿವಿಗೆ ಬೀಳುತ್ತಿತ್ತು. ನೂರು ನಿಮಿಷದ ನಿದ್ರೆಯು ಕ್ಷಣಕಾಲದ ತೂಕಡಿಕೆಯಂತೆ ತೋರುತ್ತಿತ್ತು. ಪ್ರಯಾಣವು ಮೂರು ಗಂಟೆಗೂ ಮೀರಿದುದು. ಮುದ್ರಿಕೆಯ ಆರಂಭದಲ್ಲೇ ಮೌನ ಕವಿದಿದೆ. ಹೀಗಾಗಿ ಕಪ್ತಾನರು ಯಾವ ಹೊತ್ತಿಗೆ ನಿದ್ರೆಗೆ ಜಾರಿದರೆಂಬುದು ಆ ಎರಡು ಗಂಟೆಗಳಿಂದಲೂ ತಿಳಿಯುವಂತಿಲ್ಲ. ೨೭,೦೦೦ ಕಿಲೋಗ್ರಾಮಿಗಿಂತ ಭಾರವಾದ, ೨೦೨೨ರಿಂದೀಚೆಗೆ ಹೊಸದಾಗಿ ಹಾರಾಟಕ್ಕೆ ಬಂದ ವಿಮಾನಗಳಲ್ಲಿ ೨೫ ಗಂಟೆಗಳ ಮುದ್ರಕ ಇರಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಧಿಸಿದೆ. ಅದೇ ಸಿಬ್ಬಂದಿಯು ಹಿಂದಿನ ರಾತ್ರಿ ವಿಮಾನವನ್ನು ಮಂಗಳೂರಿನಿಂದ ದುಬೈಗೆ ಒಯ್ದಿತ್ತು. ಅಂಥ ಮುದ್ರಕದಲ್ಲಿ ಹೋದ ಪ್ರಯಾಣವೂ ಬಂದ ಪ್ರಯಾಣವೂ ಎರಡೂ ಇರುತ್ತಿದ್ದವು.